ವೈರಾಗ್ಯವೋ, ವಿಷಾದವೋ?



ಮನೆಯ ಹಿರಿಯರ ಕುರಿತು ಮಕ್ಕಳೂ ಸೊಸೆಯಂದಿರೂ ನಮ್ಮಲ್ಲಿ ಹೇಳಿಕೊಳ್ಳುವ ಮಾತುಗಳು ಬಹುಮಟ್ಟಿಗೆ ಮೂರೇ ಆಗಿರುತ್ತವೆ. "ಅಪ್ಪನವರಿಗೆ ಊಟ ಸೇರುವುದಿಲ್ಲ, ಸದಾ ಹೊಟ್ಟೆಯದೇ ಚಿಂತೆ" ಎಂಬುದು ಒಂದು. "ಅವ್ವನಿಗೆ ರಾತ್ರಿ ನಿದ್ರೆಯೇ ಇಲ್ಲ" ಎಂಬುದು ಎರಡನೆಯದು. "ಮೊದಲಿನಂತೆ ಯಾರೊಡನೆಯೂ ಮಾತಿಲ್ಲ, ಕತೆಯಿಲ್ಲ" ಎಂಬುದು ಮೂರನೆಯದು. ಮೊದಲೆರಡಕ್ಕೆ ಔಷಧದ ಅಂಗಡಿಯಿಂದ ಗುಳಿಗೆ ಬರುತ್ತದೆ. ಮೂರನೆಯದಕ್ಕೆ ಏನೂ ಬರುವುದಿಲ್ಲ. ಅದನ್ನು ರೋಗವೆಂದು ಯಾರೂ ಎಣಿಸುವುದಿಲ್ಲ. ಕೆಲವರು "ವಯಸ್ಸಾಯಿತು" ಎಂದು ಸುಮ್ಮನಾಗುತ್ತಾರೆ. ಸಂಸ್ಕಾರವಂತ ಮನೆತನಗಳಲ್ಲಿಯಂತೂ "ಅವರಿಗೆ ಸಂಸಾರದಲ್ಲಿ ವೈರಾಗ್ಯ ಬಂದಿದೆ" ಎಂದು ಗೌರವದಿಂದಲೇ ದೂರ ನಿಲ್ಲುತ್ತಾರೆ. ಈ ಮೂರು ದೂರುಗಳು ಅನೇಕ ವೇಳೆ ಒಂದೇ ವ್ಯಾಧಿಯ ಮೂರು ಮುಖಗಳಾಗಿರುತ್ತವೆ. ನಾವು ವೈರಾಗ್ಯವೆಂದು ಕೈಮುಗಿಯುವ ಸ್ಥಿತಿಯು ಚಿಕಿತ್ಸೆಯಿಂದ ಗುಣವಾಗಬಲ್ಲ ವಿಷಾದವಾಗಿರಬಹುದು. ವೈದ್ಯರು ಇದನ್ನು ಖಿನ್ನತೆಯೆನ್ನುತ್ತಾರೆ. ಈ ತಿಂಗಳು ಇದನ್ನೇ ತಮ್ಮ ಮುಂದೆ ನಿವೇದಿಸಬಯಸುತ್ತೇವೆ.

ಕಾಯವನ್ನು ಕಡೆಗಣಿಸಿ ಕೈಲಾಸವನ್ನು ಅರಸಿದ ಧರ್ಮ ನಮ್ಮದಲ್ಲ. ಇಷ್ಟಲಿಂಗವನ್ನು ಧರಿಸುವುದು ಈ ದೇಹದ ಮೇಲೆಯೇ. ಕಾಯಕ ನಡೆಯುವುದು ಈ ದೇಹದಿಂದಲೇ. ಪ್ರಸಾದ ಸಲ್ಲುವುದು ಈ ಉದರಕ್ಕೇ. ಹನ್ನೆರಡನೆಯ ಶತಮಾನದ ಶರಣ ಸಮೂಹದಲ್ಲಿ ವೈದ್ಯ ಸಂಗಣ್ಣನವರು ರೋಗಿಗಳ ಶುಶ್ರೂಷೆಯನ್ನೇ ತಮ್ಮ ಕಾಯಕವನ್ನಾಗಿ ಮಾಡಿಕೊಂಡಿದ್ದರೆಂಬುದನ್ನು ನಾವು ಮರೆಯಬಾರದು. ಶರೀರವೆಂಬ ಮನೆಗೆ ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರು ಉಪಸ್ತಂಭಗಳನ್ನು ಚರಕ ಸಂಹಿತೆ ಹೇಳುತ್ತದೆ. ಅದೇ ಗ್ರಂಥವು ರೋಗವನ್ನು ಹೆಚ್ಚಿಸುವ ಸಂಗತಿಗಳಲ್ಲಿ ವಿಷಾದಕ್ಕೆ ಮೊದಲ ಸ್ಥಾನವನ್ನು ಕೊಟ್ಟಿದೆ. ಹೊಟ್ಟೆ, ನಿದ್ರೆ, ಮನಸ್ಸು ಇವು ಬೇರೆ ಬೇರೆಯಲ್ಲವೆಂಬುದು ನಮ್ಮ ಹಿರಿಯರಿಗೆ ಹೊಸತೇನಲ್ಲ.

ಇಂದಿನ ವೈದ್ಯಶಾಸ್ತ್ರವೂ ಬೇರೊಂದು ದಾರಿಯಿಂದ ಅಲ್ಲಿಗೇ ಬಂದಿದೆ. ಅನ್ನನಾಳದಿಂದ ಗುದದವರೆಗೆ ಜೀರ್ಣಾಂಗದ ಗೋಡೆಯಲ್ಲಿ ಕೋಟ್ಯಂತರ ನರಕೋಶಗಳ ಒಂದು ಜಾಲವೇ ಇದೆ. ಮಿದುಳಿನಿಂದ ಉದರಕ್ಕೆ ಇಳಿದು ಬರುವ ವೇಗಸ್ ಎಂಬ ದೊಡ್ಡ ನರವು ಇವೆರಡರ ನಡುವೆ ಸದಾ ವರ್ತಮಾನವನ್ನು ಒಯ್ಯುತ್ತಿರುತ್ತದೆ. ಮನಸ್ಸಿಗೆ ಸಂಬಂಧಪಟ್ಟದ್ದೆಂದು ಹೆಸರಾದ ಸಿರೊಟೋನಿನ್ ಎಂಬ ರಸದ ಬಹುಪಾಲು, ಸುಮಾರು ನೂರರಲ್ಲಿ 90 ಭಾಗ, ಉತ್ಪತ್ತಿಯಾಗುವುದು ಕರುಳಿನಲ್ಲಿ. ಅದು ಅಲ್ಲಿಂದ ನೇರವಾಗಿ ಮಿದುಳಿಗೆ ಹೋಗದು. ಕರುಳಿನ ಚಲನೆಯನ್ನು ನಡೆಸುವ ಕೆಲಸವನ್ನು ಅಲ್ಲಿಯೇ ಮಾಡುತ್ತದೆ. ಆದುದರಿಂದ ಮನಸ್ಸು ಕುಸಿದಾಗ ಹಸಿವು ಇಂಗುವುದೂ ಕರುಳು ಮಂದವಾಗುವುದೂ ಬರಿಯ ಭ್ರಮೆಯಲ್ಲ. ಹೊಟ್ಟೆ ಉಬ್ಬರಿಸಿದರೆ ನಿದ್ರೆ ಕೆಡುತ್ತದೆ. ನಿದ್ರೆಗೆಟ್ಟರೆ ಸಣ್ಣ ನೋವೂ ದೊಡ್ಡದಾಗಿ ತೋರುತ್ತದೆ, ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಮನಸ್ಸು ಕುಗ್ಗಿದರೆ ತಾಟಿನ ಮುಂದೆ ಕುಳಿತರೂ ತುತ್ತು ಇಳಿಯದು. ಗಾಣದ ಎತ್ತಿನಂತೆ ಇದು ಸುತ್ತುತ್ತಲೇ ಇರುತ್ತದೆ.

ಮೊದಲು ಉದರದ ವಿಚಾರ. ಇಳಿವಯಸ್ಸಿನ ಮಲಬದ್ಧತೆಗೆ ವಯಸ್ಸೊಂದೇ ಕಾರಣವಲ್ಲ. ಕಾರಣಗಳು ಬಹಳಷ್ಟು ಮನೆಯಲ್ಲಿಯೇ ಇರುತ್ತವೆ. ಹಲ್ಲು ಬಿದ್ದ ಹಿರಿಯರು ಜೋಳದ ರೊಟ್ಟಿ, ಕಾಳು, ಹಸಿ ತರಕಾರಿಗಳನ್ನು ಬಿಟ್ಟು ಅನ್ನ, ಸಾರು, ಬಿಸ್ಕತ್ತುಗಳಿಗೆ ಇಳಿಯುತ್ತಾರೆ. ನಾರಿನಂಶ ತಾನಾಗಿಯೇ ಕಡಿಮೆಯಾಗುತ್ತದೆ. ರೊಟ್ಟಿಯನ್ನು ಬೇಳೆಯ ಕಟ್ಟಿನಲ್ಲಿಯೋ ಮಜ್ಜಿಗೆಯಲ್ಲಿಯೋ ನೆನೆಸಿ ಕೊಡಬಹುದು. ಜೋಳದ ನುಚ್ಚು, ನವಣೆಯ ಅನ್ನ, ಚೆನ್ನಾಗಿ ಬೆಂದ ಹೆಸರುಕಾಳು, ಮೆಂತ್ಯದ ಸೊಪ್ಪು, ಪಪ್ಪಾಯಿ ಹಣ್ಣು ಇವು ಹಲ್ಲಿಲ್ಲದ ಬಾಯಿಗೂ ಒಗ್ಗುತ್ತವೆ. ದಂತವೈದ್ಯರಲ್ಲಿಗೆ ಹೋಗಿ ಹಲ್ಲಿನ ಸೆಟ್ಟು ಮಾಡಿಸುವುದೂ ಜೀರ್ಣಕ್ಕೆ ಮಾಡಿದ ಉಪಚಾರವೇ.

ಎರಡನೆಯ ಕಾರಣ ನೀರು. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ. ಅದಕ್ಕಿಂತ ಮಿಗಿಲಾಗಿ, ರಾತ್ರಿ ಕತ್ತಲೆಯಲ್ಲಿ ಬಚ್ಚಲಿಗೆ ಏಳಬೇಕಾದೀತೆಂಬ ಅಂಜಿಕೆಯಿಂದ ಎಷ್ಟೋ ತಾಯಂದಿರು ಇಡೀ ದಿನ ನೀರನ್ನೇ ಕುಡಿಯುವುದಿಲ್ಲ. ಇದನ್ನು ಅವರು ಯಾರಿಗೂ ಹೇಳುವುದೂ ಇಲ್ಲ. ಹಾಸಿಗೆಯಿಂದ ಬಚ್ಚಲಿನವರೆಗೆ ಒಂದು ಸಣ್ಣ ದೀಪ ಉರಿಯುವಂತೆ ಮಾಡಿ, ಹಿಡಿದುಕೊಳ್ಳಲು ಗೋಡೆಗೆ ಒಂದು ಹಿಡಿಕೆ ಹಾಕಿಸಿದರೆ ಅರ್ಧ ಔಷಧ ಆದಂತೆಯೇ. ನೀರನ್ನು ಬೆಳಗಿನಿಂದ ಸಾಯಂಕಾಲದೊಳಗೆ ಹಂಚಿ ಕುಡಿದು ರಾತ್ರಿ ಕಡಿಮೆ ಮಾಡಬೇಕು. ಹೃದಯದ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ನೀರಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ನಿರ್ಧರಿಸಬೇಕು. ಮೂರನೆಯ ಕಾರಣ ಔಷಧಗಳು. ಕಬ್ಬಿಣಾಂಶದ ಗುಳಿಗೆ, ಕೆಲವು ನೋವಿನ ಗುಳಿಗೆ, ರಕ್ತದೊತ್ತಡದ ಕೆಲವು ಗುಳಿಗೆಗಳಿಂದಲೂ ಮಲ ಬಿಗಿಯಾಗುವುದುಂಟು. ಹಿರಿಯರು ಸೇವಿಸುವ ಎಲ್ಲ ಗುಳಿಗೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿರಿ. ಇಸಬಗೋಲನ್ನು ತೆಗೆದುಕೊಳ್ಳುವವರು ತುಂಬಿದ ಲೋಟದ ನೀರಿನೊಡನೆಯೇ ತೆಗೆದುಕೊಳ್ಳಬೇಕು. ನೀರು ಕಡಿಮೆಯಾದರೆ ಅದೇ ಗಂಟಲಿನಲ್ಲಿಯೋ ಕರುಳಿನಲ್ಲಿಯೋ ಕಟ್ಟಿಕೊಳ್ಳುವ ಅಪಾಯವಿದೆ.

ಎಲ್ಲವನ್ನೂ "ಗ್ಯಾಸು" ಎಂದು ತಳ್ಳಿಹಾಕಬಾರದು. ಮಲದಲ್ಲಿ ರಕ್ತ ಕಾಣುವುದು, ಮಲ ಟಾರಿನಂತೆ ಕಪ್ಪಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟವಾಗುವುದು, ಮಲವಿಸರ್ಜನೆಯ ಕ್ರಮ ಹೊಸದಾಗಿ ಬದಲಾಗಿ ಹಾಗೆಯೇ ಮುಂದುವರಿಯುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಪರೀಕ್ಷೆ ಮಾಡಿಸಬೇಕು. ಎದೆಯಲ್ಲಿ ಬಿಗಿತ, ಬೆವರು, ಉಸಿರಿನ ಕಷ್ಟ ಕೂಡಿಬಂದರೆ ಅದು ಹೊಟ್ಟೆಯದಲ್ಲ, ಹೃದಯದ್ದೆಂದು ಭಾವಿಸಿ ಆಸ್ಪತ್ರೆಗೆ ಧಾವಿಸಬೇಕು.

ಶಾಕಾಹಾರಿಗಳಾದ ನಮ್ಮ ಮನೆಗಳು ಗಮನಿಸಲೇಬೇಕಾದ ಇನ್ನೊಂದು ಸಂಗತಿಯಿದೆ. ಬಿ-12 ಎಂಬ ಜೀವಸತ್ವವು ಸಸ್ಯಾಹಾರದಲ್ಲಿ ದೊರೆಯುವುದು ಹಾಲು, ಮೊಸರು, ಮಜ್ಜಿಗೆಗಳಿಂದ ಮಾತ್ರವೆನ್ನಬಹುದು. ವಯಸ್ಸಾದಂತೆ ಅದನ್ನು ಹೀರಿಕೊಳ್ಳುವ ಶಕ್ತಿ ಕುಂದುತ್ತದೆ. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಗುಳಿಗೆಯೂ, ಹುಳಿತೇಗಿಗೆಂದು ವರ್ಷಗಟ್ಟಲೆ ನುಂಗುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಗುಳಿಗೆಗಳೂ ಅದನ್ನು ಮತ್ತಷ್ಟು ತಗ್ಗಿಸುತ್ತವೆ. ಈ ಜೀವಸತ್ವ ಕಡಿಮೆಯಾದರೆ ಆಯಾಸ, ಅಂಗಾಲಿನ ಜೋಮು, ಮರೆವುಗಳ ಜೊತೆಗೆ ಮನಸ್ಸಿನ ಮಂಕೂ ಬರುತ್ತದೆ. ಥೈರಾಯ್ಡ್ ಗ್ರಂಥಿಯ ಕೆಲಸ ಮಂದವಾದರೂ ಮಲಬದ್ಧತೆ, ಜಡತೆ, ಖಿನ್ನತೆಗಳು ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಇವೆರಡನ್ನೂ ರಕ್ತಪರೀಕ್ಷೆಯಿಂದ ತಿಳಿಯಬಹುದು, ಸುಲಭವಾಗಿ ಸರಿಪಡಿಸಬಹುದು. "ವೈರಾಗ್ಯ"ವೆಂದುಕೊಂಡದ್ದು ಒಂದು ಜೀವಸತ್ವದ ಕೊರತೆಯಾಗಿರುವ ಸಾಧ್ಯತೆಯೂ ಉಂಟೆಂದು ಇದರಿಂದ ತಿಳಿಯಬೇಕು.

ಇನ್ನು ನಿದ್ರೆ. ಮುಪ್ಪಿನಲ್ಲಿ ಗಾಢನಿದ್ರೆಯ ಪಾಲು ಕಡಿಮೆಯಾಗಿ, ನಿದ್ರೆ ತೆಳುವಾಗುವುದು, ಸಂಜೆ ಬೇಗ ತೂಕಡಿಕೆ ಬಂದು ಬೆಳಗಿನ ಜಾವ ಬೇಗ ಎಚ್ಚರವಾಗುವುದು ಸಹಜ. ರಾತ್ರಿ ಎಂಟಕ್ಕೆ ಮಲಗಿ ಮೂರಕ್ಕೆ ಎದ್ದವರು ಏಳು ಗಂಟೆ ನಿದ್ರೆ ಮಾಡಿದ್ದಾರೆ, ಅದು ನಿದ್ರಾನಾಶವಲ್ಲ. ಅವರು ಎದ್ದು ಸ್ನಾನಾದಿಗಳನ್ನು ಮುಗಿಸಿ ಲಿಂಗಪೂಜೆಗೆ ಕುಳಿತು ದಿನವಿಡೀ ಲವಲವಿಕೆಯಿಂದಿದ್ದರೆ ಚಿಂತೆಗೆ ಕಾರಣವಿಲ್ಲ. ಆದರೆ ಮೂರಕ್ಕೆ ಎದ್ದು, ಗೋಡೆಗೆ ಒರಗಿ, ಹಳೆಯ ತಪ್ಪುಗಳನ್ನೂ ಬರಲಿರುವ ಕೇಡುಗಳನ್ನೂ ನೆನೆಯುತ್ತ, ಬೆಳಗಾಗುವುದನ್ನೇ ಅಂಜುತ್ತ ಕುಳಿತಿರುವವರ ಎಚ್ಚರ ಬೇರೆ ಬಗೆಯದು. ಬೆಳಗಿನ ಹೊತ್ತೇ ಮನಸ್ಸು ಅತ್ಯಂತ ಭಾರವಾಗಿದ್ದು ಸಂಜೆಗೆ ತುಸು ಹಗುರಾಗುವುದು ಖಿನ್ನತೆಯಲ್ಲಿ ಹೆಚ್ಚಾಗಿ ಕಾಣುವ ಲಕ್ಷಣ.

ನಿದ್ರೆಗೆ ಸರಳ ನಿಯಮಗಳಿವೆ. ಏಳುವ ಹೊತ್ತು ದಿನವೂ ಒಂದೇ ಇರಲಿ. ಬೆಳಗಿನ ಬಿಸಿಲಿನಲ್ಲಿ ಅರ್ಧ ಗಂಟೆ ಕಳೆಯಲಿ. ಹಗಲು ಮಲಗುವುದಾದರೆ ಮಧ್ಯಾಹ್ನದ ಊಟದ ನಂತರ ಅರ್ಧ ಗಂಟೆಗೆ ಮೀರದಿರಲಿ. ಇಳಿಹೊತ್ತಿನ ಮೇಲೆ ಚಹಾ, ಕಾಫಿ ಬೇಡ. ರಾತ್ರಿಯ ಊಟ ಮಿತವಾಗಿದ್ದು, ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಮುಗಿಯಲಿ. ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ರೆ ಬಾರದಿದ್ದರೆ ಹೊರಳಾಡದೆ ಎದ್ದು ಕುಳಿತು ಮಂದ ಬೆಳಕಿನಲ್ಲಿ ಪಂಚಾಕ್ಷರಿಯನ್ನು ಜಪಿಸಿ, ಕಣ್ಣು ತೂಗಿದಾಗ ಮಲಗಬಹುದು. ನಿದ್ರೆಯ ಗುಳಿಗೆಯನ್ನು ಮಾತ್ರ ನೆರೆಮನೆಯವರು ಹೇಳಿದರೆಂದು ತರಬೇಡಿರಿ. ಮುಪ್ಪಿನ ದೇಹದಲ್ಲಿ ಅದರ ಮಂಪರು ಬಹುಕಾಲ ಉಳಿಯುತ್ತದೆ. ರಾತ್ರಿ ಎದ್ದಾಗ ಬಿದ್ದು ತೊಡೆಯ ಮೂಳೆ ಮುರಿಯುವುದಕ್ಕೂ, ಬುದ್ಧಿಗೆ ಗೊಂದಲ ಕವಿಯುವುದಕ್ಕೂ ಅದು ಕಾರಣವಾಗುತ್ತದೆ. ಈಗಾಗಲೇ ಬಹುದಿನದಿಂದ ಸೇವಿಸುತ್ತಿರುವವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ವೈದ್ಯರ ಮಾರ್ಗದರ್ಶನದಲ್ಲಿ ಮೆಲ್ಲಮೆಲ್ಲನೆ ಇಳಿಸಬೇಕು.

ಈಗ ಮೂರನೆಯ ದೂರಿಗೆ ಬರೋಣ. ಭಾರತ ಸರ್ಕಾರದ ಆರೋಗ್ಯ ಸಚಿವಾಲಯದ ಆಶ್ರಯದಲ್ಲಿ 2017-18ರಲ್ಲಿ ದೇಶದ ಹಿರಿಯರ ಸ್ಥಿತಿಗತಿಗಳ ಬಗ್ಗೆ ಲಾಸಿ ಎಂಬ ಹೆಸರಿನ ಬಹುದೊಡ್ಡ ಸಮೀಕ್ಷೆ ನಡೆಯಿತು. 60 ದಾಟಿದವರಲ್ಲಿ ನೂರಕ್ಕೆ 8.3 ಮಂದಿಗೆ ತೀವ್ರ ಖಿನ್ನತೆಯ ಲಕ್ಷಣಗಳಿರುವುದು ಪ್ರಶ್ನಾವಳಿಯಿಂದ ಕಂಡುಬಂತು. ಆದರೆ ತಮಗೆ ಈ ರೋಗವಿದೆಯೆಂದು ವೈದ್ಯರು ಹೇಳಿದ್ದಾರೆಂದು ತಿಳಿಸಿದವರು ನೂರಕ್ಕೆ 0.8 ಮಾತ್ರ. ಹತ್ತು ಜನ ನರಳುತ್ತಿದ್ದರೆ ಒಬ್ಬರಿಗಷ್ಟೇ ತಮ್ಮ ರೋಗದ ಹೆಸರು ಗೊತ್ತಿದೆ ಎಂದಾಯಿತು. ಉಳಿದ ಒಂಬತ್ತು ಜನ ಎಲ್ಲಿದ್ದಾರೆ? ಅವರು ನಮ್ಮ ನಿಮ್ಮ ಮನೆಯ ಪಡಸಾಲೆಯಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದಾರೆ. ನಮ್ಮ ಹಿರಿಯರಿಗೆ "ನನಗೆ ದುಃಖವಾಗಿದೆ" ಎಂದು ಹೇಳಿ ಅಭ್ಯಾಸವಿಲ್ಲ. ಬರಗಾಲವನ್ನೂ ಸಾಲವನ್ನೂ ಸಾವನ್ನೂ ತುಟಿ ಬಿಗಿದು ದಾಟಿದವರು ಅವರು. ಮನಸ್ಸಿನ ನೋವನ್ನು ಹೇಳಿಕೊಳ್ಳಲು ನಾಚುವ ಅವರಿಗೆ ಹೊಟ್ಟೆಯ ನೋವನ್ನು ಹೇಳಲು ಸಂಕೋಚವಿಲ್ಲ.

ನಾವು ಹತ್ತಿರದಿಂದ ಬಲ್ಲ ಒಂದು ಕುಟುಂಬದಲ್ಲಿ ನಲವತ್ತು ವರ್ಷ ದಿನಸಿ ಅಂಗಡಿ ನಡೆಸಿದ ಯಜಮಾನರೊಬ್ಬರಿದ್ದಾರೆ. ಧರ್ಮಪತ್ನಿಯವರು ಲಿಂಗೈಕ್ಯರಾದ ಮರುವರ್ಷ ಅಂಗಡಿಯ ಕೀಲಿಕೈಯನ್ನು ಮಗನ ಕೈಗಿತ್ತರು. ಅಂದಿನಿಂದ ಅವರ ಮಾತೆಲ್ಲ ಹೊಟ್ಟೆಯ ಉಬ್ಬರದ ಸುತ್ತಲೇ. ಎಂಡೋಸ್ಕೋಪಿಯಾಯಿತು, ಸ್ಕ್ಯಾನಿಂಗ್ ಆಯಿತು. ಏನೂ ದೋಷ ಕಾಣಲಿಲ್ಲ. ಊಟ ಅರ್ಧವಾಯಿತು, ಬೆಳಗಿನ ಮೂರಕ್ಕೇ ಎಚ್ಚರ. ಒಂದು ಗಂಟೆಯ ಲಿಂಗಪೂಜೆ ಐದು ನಿಮಿಷಕ್ಕೆ ಇಳಿಯಿತು. ಮನೆಯವರು "ಯಜಮಾನರು ವಿರಕ್ತರಂತಾಗಿದ್ದಾರೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಕೊನೆಗೆ ತಾಲ್ಲೂಕು ಕೇಂದ್ರದ ವೈದ್ಯರೊಬ್ಬರು ಹೊಟ್ಟೆಯನ್ನು ಮುಟ್ಟಿ ನೋಡಿ, ಮಗನನ್ನು ಹೊರಗೆ ಕಳುಹಿಸಿ, "ಯಜಮಾನರೇ, ಮನೆಯಲ್ಲಿ ತಮಗೆ ಈಗ ಯಾವ ಕೆಲಸ?" ಎಂದು ಕೇಳಿದರಂತೆ. ಯಜಮಾನರು ಬಹಳ ಹೊತ್ತು ಅತ್ತರು. "ಕೂಳಿಗೆ ಭಾರವಾಗಿದ್ದೇನೆ" ಎಂದರು. ಖಿನ್ನತೆಗೆ ಚಿಕಿತ್ಸೆ ಆರಂಭವಾಯಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಊಟ ರುಚಿಸತೊಡಗಿತು, ಹೊಟ್ಟೆಯ ಮಾತು ಕಡಿಮೆಯಾಯಿತು. ಈಗ ಬೆಳಿಗ್ಗೆ ಎರಡು ಗಂಟೆ ಅಂಗಡಿಯಲ್ಲಿ ಕುಳಿತು ಉದ್ರಿ ಲೆಕ್ಕವನ್ನು ಅವರೇ ಬರೆಯುತ್ತಾರೆ. ಆ ಲೆಕ್ಕದಲ್ಲಿ ಮಗನ ತಪ್ಪು ಹಿಡಿಯುವುದರಲ್ಲಿ ಅವರಿಗೆ ಬಹಳ ಉತ್ಸಾಹ.

ಹಾಗಾದರೆ ನಿಜವಾದ ವೈರಾಗ್ಯವನ್ನು ವಿಷಾದದಿಂದ ಬೇರ್ಪಡಿಸುವುದು ಹೇಗೆ? ವಿರಕ್ತನಿಗೆ ಹೋಗುವುದು ಆಸೆ, ಪ್ರೀತಿಯಲ್ಲ. ಮೊಮ್ಮಗು ತೊಡೆಯೇರಿದರೆ ಅವನ ಮುಖ ಅರಳುತ್ತದೆ. ವಿಷಾದಗ್ರಸ್ತನಿಗೆ ಆ ಮಗುವಿನ ನಗೆಯೂ ತಟ್ಟುವುದಿಲ್ಲ. ವಿರಕ್ತನಿಗೆ ಪೂಜೆ ಇನ್ನಷ್ಟು ಸವಿಯಾಗುತ್ತದೆ. ವಿಷಾದಗ್ರಸ್ತನಿಗೆ ಕರಸ್ಥಲದ ಲಿಂಗವನ್ನು ನೋಡುತ್ತಿದ್ದರೂ ಒಳಗೆ ಬರಿದು ಬರಿದೆನಿಸುತ್ತದೆ, ದೇವರೇ ತನ್ನನ್ನು ಕೈಬಿಟ್ಟನೆಂದು ತೋರುತ್ತದೆ. ವಿರಕ್ತನು ಮಿತವಾಗಿ ಉಂಡು ತೃಪ್ತನಾಗುತ್ತಾನೆ. ವಿಷಾದಗ್ರಸ್ತನು ಉಣ್ಣಲಾರದೆ ಸೊರಗುತ್ತಾನೆ. ವಿರಕ್ತನು ತನ್ನನ್ನು ಕಿಂಕರನೆಂದುಕೊಂಡು ಹಗುರಾಗುತ್ತಾನೆ. ವಿಷಾದಗ್ರಸ್ತನು ತಾನು ಪಾಪಿ, ನಿಷ್ಪ್ರಯೋಜಕ, ಇತರರಿಗೆ ಹೊರೆ ಎಂದು ಭಾರವಾಗುತ್ತಾನೆ. ಇಂತಹ ಸ್ಥಿತಿ ಎರಡು ವಾರಗಳಿಗಿಂತ ಹೆಚ್ಚು ಕಾಲ, ದಿನದ ಬಹುಭಾಗ ಉಳಿದರೆ ವೈದ್ಯರಿಗೆ ತೋರಿಸಲೇಬೇಕು.

ಇಲ್ಲಿ ಅತ್ಯಂತ ಗಂಭೀರವಾದ ಒಂದು ಮಾತನ್ನು ಹೇಳಬೇಕಾಗಿದೆ. "ಶಿವ ಇನ್ನೂ ನನ್ನನ್ನೇಕೆ ಕರೆದುಕೊಂಡಿಲ್ಲ" ಎಂಬ ಮಾತು ಮುಪ್ಪಿನ ಬಾಯಿಯಲ್ಲಿ ಸಾಮಾನ್ಯ. ನಾವು ಅದನ್ನು ಲಿಂಗೈಕ್ಯದ ಹಂಬಲವೆಂದು ಕೇಳಿ ತಲೆದೂಗುತ್ತೇವೆ. ಆದರೆ ಆ ಮಾತು ಪದೇ ಪದೇ ಬರುತ್ತಿದ್ದರೆ, ಹಿರಿಯರು ಔಷಧವನ್ನೂ ಅನ್ನವನ್ನೂ ನಿರಾಕರಿಸುತ್ತಿದ್ದರೆ, ಇದ್ದಕ್ಕಿದ್ದಂತೆ ವಸ್ತುಗಳನ್ನು ಹಂಚಿ ಎಲ್ಲರಿಂದ ಬೀಳ್ಕೊಳ್ಳುವಂತೆ ವರ್ತಿಸಿದರೆ, ಅದನ್ನು ತತ್ತ್ವವೆಂದು ಬಿಡಬಾರದು. ಹತ್ತಿರ ಕುಳಿತು, "ಬದುಕೇ ಬೇಡವೆನಿಸುತ್ತಿದೆಯೇ?" ಎಂದು ನೇರವಾಗಿ, ಮೃದುವಾಗಿ ಕೇಳಿರಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇದ್ದ ಭಾರ ಇಳಿಯುತ್ತದೆ. ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹಿರಿಯ ನಾಗರಿಕರ ಇತರ ತೊಂದರೆಗಳಿಗೆ 14567 ಎಂಬ ಸಹಾಯವಾಣಿಯಿದೆ.

ಮನೋರೋಗದ ವೈದ್ಯರಲ್ಲಿಗೆ ಹೋಗುವುದು ಮನೆತನಕ್ಕೆ ಕಳಂಕವೆಂಬ ಭಾವನೆ ಇನ್ನೂ ಅಳಿದಿಲ್ಲ. ಇದು ಅಳಿಯಬೇಕು. ಹಳ್ಳಿಗಳಿಗೆ ಮನಸ್ಸಿನ ಚಿಕಿತ್ಸೆಯನ್ನು ಒಯ್ಯುವ ಮಾದರಿಯನ್ನು ದೇಶಕ್ಕೆ ತೋರಿಸಿದ್ದೇ ನಮ್ಮ ನಾಡು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ಆಧಾರದ ಮೇಲೆಯೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಧಾರವಾಡದಲ್ಲಿ ಡಿಮ್ಹಾನ್ಸ್ ಸಂಸ್ಥೆಯಿದೆ. ಖಿನ್ನತೆಗೆ ಕೊಡುವ ಔಷಧಗಳು ನಿದ್ರೆಯ ಗುಳಿಗೆಗಳಲ್ಲ. ಅವುಗಳ ಗುಣ ಕಾಣಲು ಕೆಲವು ವಾರಗಳು ಬೇಕು. ಒಂದು ವಾರಕ್ಕೇ "ಏನೂ ಆಗಲಿಲ್ಲ" ಎಂದು ನಿಲ್ಲಿಸಬಾರದು, ಗುಣವಾದ ಕೂಡಲೇ ಸ್ವಂತ ನಿರ್ಧಾರದಿಂದ ಬಿಡಲೂಬಾರದು. ಹೊಸದಾಗಿ ತಲೆ ಸುತ್ತುವುದೋ ಗೊಂದಲವೋ ಕಂಡರೆ ವೈದ್ಯರಿಗೆ ತಿಳಿಸಬೇಕು.

ಔಷಧ ಸೇವನೆ ಶಿವನಲ್ಲಿಯ ವಿಶ್ವಾಸಕ್ಕೆ ಕುಂದೆಂದು ತಿಳಿಯುವ ಭಕ್ತರೂ ಇದ್ದಾರೆ. ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳು (1907–2019) ಮಿತಾಹಾರ, ನಿಯತವಾದ ದಿನಚರಿ, ಬಿಡುವಿಲ್ಲದ ಕಾಯಕಗಳಿಗೆ ನಾಡಿಗೇ ಮೇಲ್ಪಂಕ್ತಿಯಾದವರು. ನೂರು ದಾಟಿದ ಮೇಲೆಯೂ ಪೂಜೆಯನ್ನೂ ಭಕ್ತರ ಭೇಟಿಯನ್ನೂ ಮಠದ ಮಕ್ಕಳ ಯೋಗಕ್ಷೇಮವನ್ನೂ ಅವರು ಬಿಡಲಿಲ್ಲ. ಅಂತಹ ಪೂಜ್ಯರೂ ಪಿತ್ತನಾಳದ ತೊಂದರೆಯಾದಾಗ ವೈದ್ಯರ ಚಿಕಿತ್ಸೆಯನ್ನು ಒಪ್ಪಿಕೊಂಡರು; 2018ರ ಡಿಸೆಂಬರಿನಲ್ಲಿ, 111ರ ವಯಸ್ಸಿನಲ್ಲಿ, ಚೆನ್ನೈಯಲ್ಲಿ ಅವರಿಗೆ ಶಸ್ತ್ರಚಿಕಿತ್ಸೆಯಾಯಿತು. ಚಿಕಿತ್ಸೆ ಅವರ ಲಿಂಗನಿಷ್ಠೆಗೆ ಅಡ್ಡ ಬರಲಿಲ್ಲವೆಂದ ಮೇಲೆ ನಮ್ಮ ನಿಮ್ಮ ನಿಷ್ಠೆಗೆ ಹೇಗೆ ಅಡ್ಡ ಬಂದೀತು?

ಔಷಧದೊಡನೆ ಮನೆಯವರು ಕೊಡಬೇಕಾದ ಪಥ್ಯವೊಂದಿದೆ. ಹಿರಿಯರಿಗೆ ವಿಶ್ರಾಂತಿ ಕೊಡುವ ಪ್ರೀತಿಯಲ್ಲಿ ನಾವು ಅವರ ಕಾಯಕವನ್ನೇ ಕಿತ್ತುಕೊಳ್ಳುತ್ತೇವೆ. "ನೀವು ಸುಮ್ಮನೆ ಕೂತಿರಿ" ಎಂಬ ಮಾತು ಪ್ರೀತಿಯದಾದರೂ ದಿನಕ್ಕೆ ಹತ್ತು ಸಲ ಕೇಳಿದವರಿಗೆ "ನೀವು ಬೇಡ" ಎಂದೇ ಕೇಳಿಸುತ್ತದೆ. ಕಾಳು ಆರಿಸುವುದು, ಪತ್ರೆ ಹೂವು ಕೊಯ್ದು ತರುವುದು, ಮೊಮ್ಮಕ್ಕಳಿಗೆ ವಚನ ಕಲಿಸುವುದು, ಹೊಲಕ್ಕೆ ಹೋಗಿ ಆಳುಗಳ ಲೆಕ್ಕ ನೋಡುವುದು, ಇವುಗಳಲ್ಲಿ ಶಕ್ತ್ಯಾನುಸಾರ ಒಂದನ್ನು ಅವರದೇ ಎಂದು ಬಿಟ್ಟುಕೊಡಿರಿ. ದಾಸೋಹವೆಂದರೆ ತಾಟಿಗೆ ಬಡಿಸುವುದಷ್ಟೇ ಅಲ್ಲ. ಬಡಿಸಿದ ಮೇಲೆ ಉಣ್ಣುವವರ ಪಕ್ಕದಲ್ಲಿ ಕುಳಿತುಕೊಳ್ಳುವುದೂ ದಾಸೋಹವೇ. ಪ್ರತ್ಯೇಕ ಕೋಣೆಗೆ ತಾಟು ಕಳುಹಿಸುವ ಮನೆಯಲ್ಲಿ ಹಿರಿಯರ ಹಸಿವು ಮೊದಲು ಸಾಯುತ್ತದೆ. ದೂರದ ಊರಿನಲ್ಲಿರುವ ಮಕ್ಕಳು ಫೋನಿನಲ್ಲಿ "ಊಟ ಆಯ್ತಾ, ಗುಳಿಗೆ ತಗೊಂಡ್ರಾ" ಎಂದು ಕೇಳಿ ಮುಗಿಸದೆ, ತಮ್ಮ ಕಷ್ಟವೊಂದಕ್ಕೆ ಅವರ ಸಲಹೆಯನ್ನೂ ಕೇಳಲಿ.

ನಾವು ವೈದ್ಯರಲ್ಲ. ಆದುದರಿಂದ ಇಲ್ಲಿ ಹೇಳಿದುದನ್ನು ಚಿಕಿತ್ಸೆಯೆಂದು ತಿಳಿಯದೆ, ವೈದ್ಯರ ಬಾಗಿಲಿಗೆ ಹೋಗಲು ಒಂದು ಪ್ರೇರಣೆಯೆಂದು ಭಕ್ತರು ತಿಳಿಯಬೇಕು. ಮುಂದಿನ ಸಲ ಮನೆಯ ಹಿರಿಯರು "ಹೊಟ್ಟೆ ಸರಿಯಿಲ್ಲ" ಎಂದಾಗ ಗುಳಿಗೆಯ ಡಬ್ಬಿಗೆ ಕೈಹಾಕುವ ಮೊದಲು ಅವರ ಬಳಿ ಹತ್ತು ನಿಮಿಷ ಕುಳಿತು, ರಾತ್ರಿ ಎಷ್ಟು ಹೊತ್ತಿಗೆ ಎಚ್ಚರವಾಯಿತು, ಎಚ್ಚರವಾದಾಗ ಏನು ನೆನಪಾಯಿತು ಎಂದು ಕೇಳಿ ನೋಡಿರಿ.